ನಿಮಗಿದು ಗೊತ್ತೇ? ಬೇಡುವುದಕ್ಕೂ ನೂರೆಂಟು ಬಗೆ

ಇಂಗ್ಲಿಷಿನ ‘ಬಿಸೀಚ್’ ಅಂದರೆ ಅಂಗಲಾಚು. ಅದರ ಹೊಟ್ಟೆಯಲ್ಲಿ ಕೂತಿರುವುದು ‘ಸೀಕ್’, ಅಂದರೆ ಹುಡುಕು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಬಿ’ ಅಂಟಿ ಒತ್ತು ಹೆಚ್ಚಿತು. ಇವತ್ತು ಒಂದರ ಕೊನೆಗೆ ಚಕಾರ, ಇನ್ನೊಂದಕ್ಕೆ ಕಕಾರ. ಭೂತಕಾಲದಲ್ಲಿ ಮಾತ್ರ ಒಡಹುಟ್ಟು ಬಯಲಾಗುತ್ತದೆ: ಸಾಟ್, ಬಿಸಾಟ್.

ಬೇಡುವವನು ಬೆನ್ನು ಹತ್ತುವುದು ನಮ್ಮಲ್ಲೂ ಉಂಟು. ‘ದುಂಬಾಲು ಬಿದ್ದ’ ಅನ್ನುತ್ತೇವಲ್ಲ, ಆ ದುಂಬಾಲು ಪಾರ್ಸಿಯದು. ಅಲ್ಲಿ ಅದರರ್ಥ ‘ಹಿಂದೆ’.

ಬೇಡುವುದಕ್ಕೇ ಇಂಗ್ಲಿಷಿನ ಇನ್ನೊಂದು ಪದ ‘ಇಂಪ್ಲೋರ್’. ಅದರೊಳಗಿರುವುದು ಲ್ಯಾಟಿನ್ನಿನ ಅಳು. ಪೊಲೀಸ್ ಠಾಣೆಯ ‘ಫಿರ್ಯಾದಿ’ಯಲ್ಲೂ ಅಳುವೇ ಇದೆ: ಪಾರ್ಸಿಯ ಫರಿಯಾದ್ ಅಂದರೆ ನೆರವಿಗಾಗಿ ಇಟ್ಟ ಕೂಗು. ಕನ್ನಡದ ಮೊರೆ ಇವೆರಡಕ್ಕೂ ಸರಿಜೋಡಿ.

ಇಂಗ್ಲಿಷಿನಲ್ಲಿ ಬೇಡುತ್ತ ‘ಸಪ್ಲಿಕೇಟ್’ ಮಾಡುವವನು, ಪದದ ಮೂಲದ ಪ್ರಕಾರ, ಮಂಡಿಯೂರಿದವನು. ಬಾಗಲಕೋಟೆ ಜಿಲ್ಲೆಯ ಬೇವೂರು, ಬಾದಾಮಿ, ಹುನಗುಂದದ ಕಡೆಯವರಿಗೆ ಅಷ್ಟು ಸಾಲದು, ಅವರದು ದೀಡ ನಮಸ್ಕಾರ. ಮಿಂದು, ಒದ್ದೆ ಬಟ್ಟೆಯಲ್ಲೇ ನೆಲಕ್ಕೆ ಉದ್ದಕ್ಕೆ ಮಲಗಿ ಕೈ ಚಾಚಬೇಕು. ಕೈ ಮುಟ್ಟಿದಲ್ಲಿ ಗೆರೆ. ಎದ್ದು ಆ ಗೆರೆಗೆ ಹೋಗಿ ಮತ್ತೆ ಮಲಗಬೇಕು. ಹೀಗೇ ಗುಡಿಯತನಕ. ಮೈಯೇ ಇಲ್ಲಿ ಅಳತೆಗೋಲು, ಹಾಗಾಗಿ ಕುಳ್ಳಗಿದ್ದವರಿಗೆ ದೂರ ಜಾಸ್ತಿ!

ಬಾದಾಮಿ ಬನಶಂಕರಿಯ ರಥ ಎಳೆಯುವುದು ಪುಷ್ಯದ ಬನದ ಹುಣ್ಣಿಮೆಗೆ. ಹರಕೆ ಫಲಿಸಿ ಹುಟ್ಟಿದ ಕೂಸನ್ನು ಬಾಳೆದಿಂಡಿನ ತೆಪ್ಪದ ಮೇಲೆ ಮಲಗಿಸಿ ಹೊಂಡದಲ್ಲಿ ತೇಲಿಸುವ ರೂಢಿ ಅಲ್ಲಿದೆ. ಬೇಡಿಕೊಂಡಾಗಿಗಿಂತ ಹರಕೆ ತೀರಿಸುವಾಗಲೇ ತಾಯಂದಿರ ಎದೆ ಡವಡವ ಅನ್ನುತ್ತಿರಬೇಕು.

ಹೆಣ್ಣುಮಕ್ಕಳ ಬೇಡಿಕೆಗೆ ಸೆರಗೇ ಸಾಕ್ಷಿ: ‘ಸೆರಗೊಡ್ಡಿ ಬೇಡತೀನಿ’ ಅಂದ ಮೇಲೆ ಮುಂದೆ ಮಾತಿಲ್ಲ. ಅದು ಇಳಕಲ್ ಸೀರೆಯದಾದರೆ ಅದರ ಕಥೆಯೇ ಬೇರೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಕೊಂಡಿ ಪ್ರತಿ ಸೀರೆಗೂ ಹೊಸದಾಗಿ ಬೀಳಬೇಕು. ಒಂದೇ ಉದ್ದ ಹಾಸಿನಲ್ಲಿ ಸಾಲಾಗಿ ಸೀರೆ ನೇಯುತ್ತ ಹೋಗುವಂತಿಲ್ಲ. ಕೆಂಪು ಸೆರಗು, ಅದರಲ್ಲಿ ಬಿಳಿ ತೆನಿ. ದೇವಿಯ ಮುಂದೆ ಒಡ್ಡುವುದಕ್ಕೆ ಇದಕ್ಕಿಂತ ಚೆಂದದ ಅರ್ಜಿ ಹಾಳೆ ಎಲ್ಲಿ ಸಿಕ್ಕೀತು?

ಮಳೆರಾಯನಿಗೂ ಅರ್ಜಿ ಉಂಟು, ಅದರ ಹೆಸರು ಗುರ್ಜಿ. ಮಳೆ ಕೈಕೊಟ್ಟ ವರ್ಷ ರೊಟ್ಟಿ ಹಂಚನ್ನು ಬೋರಲು ಮಾಡಿ, ಮೇಲೆ ಸಗಣಿಯ ಗುರ್ಜಿ ಮೂರ್ತಿ ಕೂರಿಸಿ, ಗರಿಕೆ ಸಿಕ್ಕಿಸಿ, ಹುಡುಗನೊಬ್ಬನ ತಲೆಯ ಮೇಲಿಡುತ್ತಾರೆ. ಮನೆಮನೆಯ ಹೆಣ್ಣುಮಕ್ಕಳು ಕೊಡ ತಂದು ಸುರಿದಂತೆ ಅವನು ಗಿರಗಿರ ತಿರುಗುತ್ತಾನೆ, ನೀರು ಸುತ್ತಲೂ ಸಿಡಿಯುತ್ತದೆ. ಮಳೆ ಹೇಗಿರಬೇಕೆಂದು ಆಕಾಶಕ್ಕೇ ತೋರಿಸಿಕೊಟ್ಟಂತೆ. ಬೇಡಿ ತಂದ ಜೋಳದ ಹಿಟ್ಟಿನಲ್ಲಿ ಆಮೇಲೆ ಅಡಿಗೆ, ಊಟ. ಮಳೆ ಬರಲಿ ಬಿಡಲಿ, ಹುಡುಗರಿಗೆ ನಷ್ಟವಿಲ್ಲ.

ವಚನಗಳ ಸಹಿಯಲ್ಲೂ ಮೊರೆ ಉಂಟು: ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಕೃಷ್ಣೆ, ಮಲಪ್ರಭೆ ಕೂಡುವ ಆ ಊರು ಇದೇ ಬಾಗಲಕೋಟೆ ಜಿಲ್ಲೆಯದು. ಅಂಕಿತ ಸಾಮಾನ್ಯವಾಗಿ ಬರುವುದು ಸಂಬೋಧನೆಯಲ್ಲಿ. ಹನ್ನೆರಡನೆಯ ಶತಮಾನದ ಆ ಸಹಿ ಕೂಗಿ ಕರೆಯುವ ಸಹಿ.

ಕೋರ್ಟಿನ ಅರ್ಜಿಯ ಕೊನೆಯಲ್ಲಿ ‘ಪ್ರಾರ್ಥನೆ’ ಅಂತ ಇರುತ್ತದೆ. ಅಲ್ಲಿ ದೇವರಿಲ್ಲ, ಬೇಕಾದ ಪರಿಹಾರದ ಪಟ್ಟಿ ಇದೆ, ಅಷ್ಟೆ. ಇಂಗ್ಲಿಷಿನಲ್ಲೂ ಅದು ‘ಪ್ರೇಯರ್’.

ಆ ‘ಪ್ರೇಯರ್’ಗೆ ‘ಪ್ರಿಕೇರಿಯಸ್’ ಹತ್ತಿರದ ಸಂಬಂಧಿ! ಇವತ್ತು ಅದರರ್ಥ ಡೋಲಾಯಮಾನ. ರೋಮನ್ನರ ಕಾನೂನಿನಲ್ಲಿ ಬೇಡಿ ಪಡೆದ ಆಸ್ತಿಗೆ ‘ಪ್ರಿಕೇರಿಯಂ’ ಎಂದು ಹೆಸರು. ಕೊಟ್ಟವನು ಮನಸ್ಸು ಬಂದಾಗ ವಾಪಸು ತೆಗೆದುಕೊಳ್ಳಬಹುದಿತ್ತು.