ಔಷಧಕ್ಕೆ ಬಗ್ಗದ ವೃದ್ಧರ ಖಿನ್ನತೆಗೆ ಅಯಸ್ಕಾಂತ ಚಿಕಿತ್ಸೆ

ವಯಸ್ಸಾದ ಯಜಮಾನರು ಊಟ ನಿದ್ರೆಗಳನ್ನು ಕಡಿಮೆಮಾಡಿ, ಬೆಳೆಯ ವಿಚಾರವನ್ನಾಗಲಿ ದನಕರುಗಳ ವಿಚಾರವನ್ನಾಗಲಿ ಕೇಳದೆ ಮೂಲೆಹಿಡಿದು ಕುಳಿತರೆ, ಅದು ಮುಪ್ಪಿನ ಸಹಜಧರ್ಮವೆಂದು ಮನೆಯವರು ಸುಮ್ಮನಾಗುವುದುಂಟು. ಇದು ಸರಿಯಾದ ಕ್ರಮವಲ್ಲ. ಇಂತಹ ಸ್ಥಿತಿಯು ಎರಡು ವಾರಗಳನ್ನು ಮೀರಿ ನಿಂತಲ್ಲಿ ಅದು ಖಿನ್ನತೆಯೆಂಬ ರೋಗವಾಗಿರಬಹುದು. ಈ ರೋಗಕ್ಕೆ ಚಿಕಿತ್ಸೆಯುಂಟು.

ಔಷಧ ಮತ್ತು ಸಮಾಲೋಚನೆಗಳೇ ಮೊದಲನೆಯ ಉಪಾಯಗಳು. ಎರಡು ಬಗೆಯ ಔಷಧಗಳನ್ನು ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ಕಾಲ ಕೊಟ್ಟರೂ ಗುಣ ಕಾಣದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಖಿನ್ನತೆಯೆಂದು ಸಾಮಾನ್ಯವಾಗಿ ಕರೆಯುವರು. ರಕ್ತದೊತ್ತಡ, ಮಧುಮೇಹಗಳಿಗೆ ಮೊದಲೇ ಮಾತ್ರೆ ಸೇವಿಸುವ ವೃದ್ಧರಿಗೆ ಔಷಧಗಳನ್ನು ಹೆಚ್ಚಿಸುತ್ತ ಹೋದರೆ ತಲೆತಿರುಗಿ ಬೀಳುವ ಭಯವುಂಟು. ಇಂತಹವರಿಗೆ ಅಯಸ್ಕಾಂತ ಚಿಕಿತ್ಸೆಯು ಇನ್ನೊಂದು ಮಾರ್ಗವಾಗಿದೆ.

ಇದರ ತತ್ತ್ವ: ಸೈಕಲ್ಲಿನ ಡೈನಮೋದಲ್ಲಿ ಅಯಸ್ಕಾಂತವು ತಿರುಗಿದಾಗ ಬಳಿಯ ತಂತಿಯಲ್ಲಿ ವಿದ್ಯುತ್ತು ಹುಟ್ಟಿ ದೀಪವು ಉರಿಯುತ್ತದೆ. ಈ ನಿಯಮವನ್ನು 1831ರಲ್ಲಿ ಫ್ಯಾರಡೆಯು ತೋರಿಸಿಕೊಟ್ಟನು. 1985ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ಇದೇ ನಿಯಮದಿಂದ, ತಲೆಬುರುಡೆಯನ್ನು ತೆರೆಯದೆ, ಹೊರಗಿನಿಂದಲೇ ಮೆದುಳನ್ನು ಪ್ರಚೋದಿಸಿದರು. ತಲೆಯ ಮೇಲಿಟ್ಟ ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಹರಿಸಿ ನಿಲ್ಲಿಸಿದರೆ ಕಾಂತಶಕ್ತಿಯು ಮೂಳೆಯನ್ನು ದಾಟಿ ಮೆದುಳಿನ ಮೇಲ್ಪದರದಲ್ಲಿ ಅಲ್ಪ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅಮೆರಿಕದಲ್ಲಿ 2008ರಲ್ಲಿ ಖಿನ್ನತೆಯ ಚಿಕಿತ್ಸೆಗಾಗಿ ಇದಕ್ಕೆ ಸರ್ಕಾರದ ಅನುಮತಿ ದೊರೆಯಿತು.

ಚಿಕಿತ್ಸೆಯ ಕ್ರಮ: ರೋಗಿಯು ಎಚ್ಚರದಲ್ಲಿಯೇ ಕುರ್ಚಿಯ ಮೇಲೆ ಕುಳಿತಿರುವನು, ಅರಿವಳಿಕೆ ಬೇಕಿಲ್ಲ. ಎಷ್ಟು ಶಕ್ತಿಗೆ ಹೆಬ್ಬೆರಳು ಮಿಡಿಯುವುದೆಂದು ನೋಡಿ ವೈದ್ಯರು ಪ್ರಮಾಣವನ್ನು ಗೊತ್ತುಮಾಡುವರು. ಮುಪ್ಪಿನಲ್ಲಿ ಮೆದುಳು ಕೊಂಚ ಕುಗ್ಗಿ ಬುರುಡೆಯಿಂದ ದೂರವಾಗುವ ಕಾರಣ ಈ ಪರೀಕ್ಷೆಯು ವೃದ್ಧರಲ್ಲಿ ಬಹು ಮುಖ್ಯವಾದುದು. ವಾರಕ್ಕೆ 5 ದಿನಗಳಂತೆ 4ರಿಂದ 6 ವಾರಗಳವರೆಗೆ ಚಿಕಿತ್ಸೆ ನಡೆಯುವುದು.

ಟೊರಾಂಟೊದ ಪ್ರಯೋಗ: ಕೆನಡಾದ ಟೊರಾಂಟೊ ನಗರದಲ್ಲಿ 60 ವರ್ಷ ತುಂಬಿದ, ಔಷಧದಿಂದ ಗುಣಹೊಂದದ ಅಥವಾ ಅದು ಒಗ್ಗದ 170ಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪುಮಾಡಿ ಪರೀಕ್ಷಿಸಲಾಯಿತು. ಒಂದು ಗುಂಪಿಗೆ ದಿನಕ್ಕೆ 47 ನಿಮಿಷಗಳಿಗೂ ಹೆಚ್ಚು ಹಿಡಿಯುವ ಹಳೆಯ ಕ್ರಮವನ್ನೂ, ಇನ್ನೊಂದಕ್ಕೆ ಸುಮಾರು 4 ನಿಮಿಷಗಳ ಹೊಸ ಕ್ರಮವನ್ನೂ ಅನುಸರಿಸಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡರಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರು ರೋಗಲಕ್ಷಣಗಳಿಂದ ಬಹುಮಟ್ಟಿಗೆ ಬಿಡುಗಡೆ ಹೊಂದಿದರು. ಹೊಸ ಕ್ರಮದಿಂದ ಒಂದೇ ಯಂತ್ರದಲ್ಲಿ ಹೆಚ್ಚು ರೋಗಿಗಳನ್ನು ನೋಡಬಹುದು. ಆದರೆ ಉಳಿಯುವುದು ನಿಮಿಷಗಳೇ ಹೊರತು ದಿನಗಳಲ್ಲ. ಪ್ರತಿದಿನದ ಪ್ರಯಾಣವು ತಪ್ಪದು.

ಎಚ್ಚರಿಕೆಗಳು: ತಲೆನೋವು, ಸುರುಳಿಯಿಟ್ಟ ಕಡೆ ನೋವು ಸಾಮಾನ್ಯ. ಸೆಳವು ಬರುವುದು ಬಹು ಅಪೂರ್ವ. ತಲೆಯೊಳಗೆ ಲೋಹದ ಚೂರು ಅಥವಾ ಕಿವಿಯ ಯಂತ್ರವನ್ನು ಕೂಡಿಸಿಕೊಂಡವರೂ, ಮೂರ್ಛೆರೋಗವುಳ್ಳವರೂ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಅನ್ನನೀರು ಬಿಟ್ಟು ಪ್ರಾಣಾಪಾಯದಲ್ಲಿರುವವರಿಗೆ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆಯೇ ಹೆಚ್ಚು ಫಲಕಾರಿ.

ಗ್ರಾಮಮುಖ್ಯರೂ ಜಮೀನುದಾರರೂ ಗಮನಿಸತಕ್ಕ ಅಂಶಗಳು: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಚಿಕಿತ್ಸೆಯು ದೊರೆಯುತ್ತದೆ. ದೂರದ ಹಳ್ಳಿಯವರು ಹೊರಡುವ ಮೊದಲೇ ಅಷ್ಟು ವಾರಗಳ ವಸತಿ, ಖರ್ಚು, ಜೊತೆಗಿರುವವರ ಸರದಿ ಇವುಗಳನ್ನು ಏರ್ಪಾಡುಮಾಡಿಕೊಳ್ಳಬೇಕು. ನಡುವೆ ಬಿಟ್ಟುಬಂದರೆ ಪ್ರಯೋಜನವು ಕುಂದುವುದು. ಸಲಹೆಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಬಹುದು. ಇಂತಹ ರೋಗಿಯಿರುವ ಮನೆಯಲ್ಲಿ ಕೀಟನಾಶಕಗಳನ್ನು ಬೀಗದೊಳಗಿಟ್ಟು, ಬೀಗದ ಕೈಯನ್ನು ಇನ್ನೊಬ್ಬರ ವಶದಲ್ಲಿಡತಕ್ಕದ್ದು. ಸುಗ್ಗಿ ಮುಗಿಯಲೆಂದು ಚಿಕಿತ್ಸೆಯನ್ನು ಮುಂದೂಡುವುದು ಸಲ್ಲದು. ಬೆಳೆಯು ಮರುವರ್ಷ ಬಂದೀತು, ಹೋದ ಹಿರಿಯರು ಬಾರರು.