ಕಿರಣ ಚಿಕಿತ್ಸೆಯೂ ರೋಗಿಯ ನೆಮ್ಮದಿಯೂ

ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ಮನಸ್ಸು ಕುಗ್ಗುವುದು ಸಹಜ. ‘ಇನ್ನು ಕರೆಂಟು ಕೊಡಬೇಕಂತೆ’ ಎಂಬ ಮಾತೂ ಸೇರಿದರೆ ಮನೆಮಂದಿಯೆಲ್ಲ ಕಂಗೆಡುತ್ತಾರೆ. ನಮ್ಮ ಜನ ಹೀಗೆ ಕರೆಯುವ ಈ ಚಿಕಿತ್ಸೆಯಲ್ಲಿ ರೋಗಿಯ ಮೈಗೆ ವಿದ್ಯುತ್ತು ತಾಗುವುದೇ ಇಲ್ಲ. ತಾಗುವುದು ಕಣ್ಣಿಗೆ ಕಾಣದ ಕಿರಣ. ನಾನು ಇತಿಹಾಸದ ವಿದ್ಯಾರ್ಥಿ, ವೈದ್ಯಶಾಸ್ತ್ರ ಬಲ್ಲವನಲ್ಲ. ಆದರೆ ಬಾಯಿಯ ಕ್ಯಾನ್ಸರಿಗೆ ಗುರಿಯಾದ ನನ್ನ ದೊಡ್ಡಮ್ಮನವರನ್ನು ಆರು ವಾರಗಳ ಕಾಲ ಯಲಹಂಕದಿಂದ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ನನ್ನದಾಗಿತ್ತು. ಆಗ ಕಂಡುದನ್ನೂ ಅನಂತರ ಓದಿ ತಿಳಿದುದನ್ನೂ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

1895ರಲ್ಲಿ ಜರ್ಮನಿಯ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದನು; 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದರು. ಎರಡೂ ಬಹುಬೇಗ ಚಿಕಿತ್ಸೆಗೆ ಒದಗಿದುವು. 1951ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್-60 ಯಂತ್ರದ ಚಿಕಿತ್ಸೆ ಮೊದಲಾಯಿತು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ‘ಲಿನಾಕ್’ ಎಂಬ ಯಂತ್ರ. ಅದು ಎಲೆಕ್ಟ್ರಾನುಗಳನ್ನು ಅತಿವೇಗದಿಂದ ಲೋಹದ ಮೇಲೆ ಅಪ್ಪಳಿಸಿ ಪ್ರಬಲವಾದ ಕ್ಷ-ಕಿರಣವನ್ನು ಉಂಟುಮಾಡುತ್ತದೆ. ನಮ್ಮ ನಗರದಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ ಇಂಥ ಚಿಕಿತ್ಸೆಗೆ ಹೆಸರಾದುದು. ನಮ್ಮ ಉತ್ತರ ಭಾಗದವರಿಗೆ ಮತ್ತೀಕೆರೆಯ ರಾಮಯ್ಯ ಆಸ್ಪತ್ರೆಯ ಆವರಣದಲ್ಲಿಯೂ ಇದು ದೊರೆಯುತ್ತದೆ.

ಕಿರಣವು ಜೀವಕೋಶದೊಳಗಿನ ಡಿ.ಎನ್.ಎ. ಎಳೆಗಳನ್ನು ತುಂಡರಿಸುತ್ತದೆ. ಆರೋಗ್ಯವಂತ ಕೋಶ ಆ ಪೆಟ್ಟನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಲ್ಲುದು; ರೋಗದ ಕೋಶಕ್ಕೆ ಆ ಶಕ್ತಿ ಕಡಿಮೆ. ಆದುದರಿಂದಲೇ ಇಡೀ ಪ್ರಮಾಣವನ್ನು ಒಮ್ಮೆಲೇ ಕೊಡದೆ ವಾರಕ್ಕೆ 5 ದಿನದಂತೆ ಹಲವು ವಾರ ಸ್ವಲ್ಪಸ್ವಲ್ಪವಾಗಿ ಕೊಡುತ್ತಾರೆ. ಇಲ್ಲಿಯೇ ಒಂದು ತೊಡಕಿದೆ. ನಡುವೆ ದಿನಗಳು ತಪ್ಪಿದರೆ ರೋಗದ ಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ತಪ್ಪಿದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಂಭವ ಸುಮಾರು ನೂರಕ್ಕೆ 1ರಷ್ಟು ಕುಗ್ಗುತ್ತದೆಂದು ತಜ್ಞರ ಅಂದಾಜು. ಹೆದರಿಕೊಂಡೋ ನೋವು ತಾಳಲಾರದೆಯೋ ರೋಗಿ ಮನೆಯಲ್ಲಿ ಕುಳಿತರೆ ಚಿಕಿತ್ಸೆ ಕೆಟ್ಟಂತೆಯೇ. ಹೀಗಾಗಿ ರೋಗಿಯ ನೆಮ್ಮದಿ ಒಂದು ಉಪಚಾರದ ಮಾತಲ್ಲ. ಅದು ಚಿಕಿತ್ಸೆಯದೇ ಒಂದು ಅಂಗ.

ನೆಮ್ಮದಿಗೆ ಮೊದಲ ಶತ್ರು ಭಯ. ತಲೆ, ಕುತ್ತಿಗೆಯ ಚಿಕಿತ್ಸೆಯಲ್ಲಿ ಮುಖಕ್ಕೊಂದು ಮುಖವಾಡ ಹಾಕುತ್ತಾರೆ. ರಂಧ್ರಗಳುಳ್ಳ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಅದೇ ಆಕಾರಕ್ಕೆ ಗಟ್ಟಿಯಾಗುತ್ತದೆ. ಪ್ರತಿದಿನ ಅದನ್ನು ಮಲಗುವ ಹಲಗೆಗೆ ಬಿಗಿಯುತ್ತಾರೆ. ತಲೆ ಕೆಲವು ಮಿಲಿಮೀಟರ್ ಸರಿದರೂ ಕಿರಣ ಗುರಿ ತಪ್ಪೀತೆಂಬುದೇ ಇದಕ್ಕೆ ಕಾರಣ. ಕಾರಣ ತಿಳಿಯದವರಿಗೆ ಮಾತ್ರ ಅದು ಉಸಿರು ಕಟ್ಟಿಸುವ ಬಂಧನ. ಮುಖವಾಡವನ್ನು ಮುಂಚಿತವಾಗಿ ಕೈಗೆ ಕೊಟ್ಟು, ‘ಇದರಲ್ಲಿ ಉಸಿರಾಡಬಹುದು, ಒಳಗೆ ಒಬ್ಬರೇ ಇದ್ದರೂ ಕ್ಯಾಮೆರಾದಲ್ಲಿ ನಿಮ್ಮನ್ನು ನೋಡುತ್ತಿರುತ್ತೇವೆ, ಕೈಯೆತ್ತಿದರೆ ಯಂತ್ರ ನಿಲ್ಲಿಸುತ್ತೇವೆ’ ಎಂದು ಹೇಳಿದರೆ ಅರ್ಧ ಭಯ ಇಳಿಯುತ್ತದೆ. ದೊಡ್ಡಮ್ಮನವರಿಗೆ ಹಾಗೆ ವಿವರಿಸಿದ ಮೇಲೆ ಅವರು ಮುಖವಾಡವನ್ನು ಒಪ್ಪಿಕೊಂಡರು. ಕಿರಣ ಬೀಳುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಮೈಯನ್ನು ಸರಿಯಾಗಿ ಹೊಂದಿಸುವುದಕ್ಕೆ. ಹಲಗೆ ಗಟ್ಟಿ, ಕೋಣೆ ತಣ್ಣಗೆ. ಮೊಣಕಾಲ ಕೆಳಗೊಂದು ದಿಂಬು, ಮೇಲೊಂದು ಹೊದಿಕೆ, ಇಷ್ಟವಾದ ಹಾಡು: ಇವಕ್ಕೆ ತಗಲುವ ಖರ್ಚೆಷ್ಟು?

ಎರಡನೆಯದು ದೇಹದ ಬಾಧೆ. ಕಿರಣ ಬೀಳುವಾಗ ನೋವಿಲ್ಲ. ಎರಡು ಮೂರು ವಾರಗಳಾದ ಮೇಲೆ ಬಾಯಿ ಹುಣ್ಣಾಗಿ ಒಣಗುತ್ತದೆ, ಚರ್ಮ ಕೆಂಪಾಗುತ್ತದೆ. ಉಪ್ಪು, ಅಡಿಗೆ ಸೋಡ ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ಆಗಾಗ ಬಾಯಿ ಮುಕ್ಕಳಿಸಬೇಕು. ಖಾರ, ಹುಳಿ ಬಿಟ್ಟು ಗಂಜಿ, ಮೆತ್ತಗಿನ ಮೊಸರನ್ನ ಕೊಡಬೇಕು, ಹೊಗೆಸೊಪ್ಪು ಮುಟ್ಟಲೇಬಾರದು. ಹಲ್ಲಿನ ತಪಾಸಣೆ ಚಿಕಿತ್ಸೆಗೆ ಮೊದಲೇ ಆಗಬೇಕು. ಕಿರಣ ಬೀಳುವ ಜಾಗಕ್ಕೆ ಅರಿಸಿನವನ್ನಾಗಲಿ ಮನೆಮದ್ದನ್ನಾಗಲಿ ವೈದ್ಯರನ್ನು ಕೇಳದೆ ಹಚ್ಚಬಾರದು. ಉಜ್ಜದ ಸಡಿಲವಾದ ಹತ್ತಿ ಬಟ್ಟೆ ಒಳ್ಳೆಯದು. ನೋವನ್ನು ನುಂಗಿಕೊಂಡಿರುವುದೇ ಧೈರ್ಯವೆಂದು ನಮ್ಮ ಹಿರಿಯರ ಭಾವನೆ. ಅವರು ಬಾಯಿಬಿಟ್ಟು ಹೇಳಿದರಷ್ಟೇ ವೈದ್ಯರು ಔಷಧ ಕೊಡಬಲ್ಲರು.

ಮೂರನೆಯದು ಓಡಾಟದ ದಣಿವು. ಹೆಬ್ಬಾಳದ ವಾಹನಸಂದಣಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ವಿಜ್ಞಾನವೇ ಕೊಂಚ ಪರಿಹಾರ ತಂದಿದೆ. ಸ್ತನದ ಕ್ಯಾನ್ಸರಿನಲ್ಲಿ ಮೊದಲು 25 ದಿನ ಕೊಡುತ್ತಿದ್ದ ಚಿಕಿತ್ಸೆಯನ್ನು ಈಗ ಬಹುಮಂದಿಗೆ 15 ದಿನಗಳಲ್ಲಿ ಮುಗಿಸುತ್ತಾರೆ. ಮೂಳೆಗೆ ಹರಡಿದ ರೋಗದ ನೋವನ್ನು ತಗ್ಗಿಸಲು ಅನೇಕ ವೇಳೆ ಒಂದೇ ದಿನದ ಚಿಕಿತ್ಸೆ ಸಾಕು. ಯಾರಿಗೆ ಎಷ್ಟು ದಿನ ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರೇ; ಆದರೆ ಕೇಳುವ ಹಕ್ಕು ನಮಗುಂಟು.

ಕೊನೆಗೆ, ಎಲ್ಲಕ್ಕಿಂತ ನೋಯಿಸುವ ಒಂದು ತಪ್ಪು ತಿಳಿವಳಿಕೆಯ ವಿಷಯ. ಹೊರಗಿನಿಂದ ಕಿರಣ ಪಡೆದ ರೋಗಿಯ ಮೈಯಲ್ಲಿ ಕಿರಣ ಉಳಿಯುವುದಿಲ್ಲ; ಯಂತ್ರ ನಿಂತೊಡನೆ ಅದೂ ಮುಗಿಯಿತು. ಅವರ ಪಕ್ಕದಲ್ಲಿ ಕುಳಿತು ಉಣ್ಣಬಹುದು, ಮೊಮ್ಮಕ್ಕಳನ್ನು ಅವರ ತೊಡೆಯ ಮೇಲೆ ಕೂರಿಸಬಹುದು. ತಟ್ಟೆ ಲೋಟ ಬೇರೆ ಇಡುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯವೂ ಹೌದು. ಯಂತ್ರವನ್ನು ನಡೆಸುವ ವಿದ್ಯೆ ತಜ್ಞರಿಗೆ ಮೀಸಲು. ರೋಗಿಯ ಜೊತೆಗೆ ಹೋಗುವ, ಅವರ ಪರವಾಗಿ ಪ್ರಶ್ನೆ ಕೇಳುವ, ತಿಳಿದುದನ್ನು ಅವರದೇ ಮಾತಿನಲ್ಲಿ ಬಿಡಿಸಿ ಹೇಳುವ ಕೆಲಸ ನಮ್ಮಂಥ ಕಲಾವಿಭಾಗದ ವಿದ್ಯಾರ್ಥಿಗಳಿಂದಲೂ ಆಗತಕ್ಕದ್ದು.