ಮಲೆನಾಡಿನ ಅಡುಗೆಮನೆ: ಮೊದಲು ನೀರಿನ ಲೆಕ್ಕ

ಒಂದು ಸಿಲಿಂಡರಿನ 14.2 ಕಿಲೋ ಗ್ಯಾಸ್ ಉರಿದು ಮುಗಿಯುವ ಹೊತ್ತಿಗೆ ಅಡುಗೆಮನೆಯ ಗಾಳಿಗೆ ಸುಮಾರು 22 ಲೀಟರ್ ನೀರು ಸೇರಿರುತ್ತದೆ. ಗ್ಯಾಸಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಆವಿಯಾಗುತ್ತದೆ. ಒಂದು ಕಿಲೋ ಗ್ಯಾಸಿಗೆ ಸುಮಾರು 1.6 ಕಿಲೋ ನೀರು. ಬಯಲುಸೀಮೆಯಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಆಗುಂಬೆಯ ಸುತ್ತಮುತ್ತ, ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯ ನಡುವೆ ಹೊಸ ಅಡುಗೆಮನೆ ಕಟ್ಟಿಸುವವರು ಮಾತ್ರ ಕಪಾಟಿನ ಬಣ್ಣ ಆರಿಸುವ ಮೊದಲು ಈ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿಕೊಳ್ಳಬೇಕು.

ಲೆಕ್ಕಕ್ಕೆ 12 ಅಡಿ ಉದ್ದ, 10 ಅಡಿ ಅಗಲದ ಒಂದು ಅಡುಗೆಮನೆ ಇಟ್ಟುಕೊಳ್ಳೋಣ. ಜಂಬಿಟ್ಟಿಗೆ ಗೋಡೆ. ಪಡುವಣ ಗೋಡೆ 9 ಅಡಿ ಎತ್ತರ, ಅಲ್ಲಿಂದ ಮೂಡಣಕ್ಕೆ 30 ಡಿಗ್ರಿ ಏರುವ ಹೆಂಚಿನ ಮಾಡು. ಒಳಗಿನ ಸರಾಸರಿ ಎತ್ತರ 12 ಅಡಿ ಆಗುತ್ತದೆ, ಗಾಳಿಯ ಗಾತ್ರ ಸುಮಾರು 41 ಘನಮೀಟರ್.

ಜುಲೈ ತಿಂಗಳ ಒಂದು ಬೆಳಗ್ಗೆ ಹೊರಗೆ 22 ಡಿಗ್ರಿ ಉಷ್ಣತೆ, ಶೇ 95 ತೇವಾಂಶ ಎನ್ನಿ. ಆ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 19.4 ಗ್ರಾಂ ನೀರಾವಿ ಹಿಡಿದೀತು. ಇಡೀ ಕೋಣೆಯ ಗಾಳಿಗೆ ಸುಮಾರು 800 ಗ್ರಾಂ. ಅದರಲ್ಲಿ 760 ಗ್ರಾಂ ಆಗಲೇ ತುಂಬಿದೆ. ಉಳಿದ ಜಾಗ 40 ಗ್ರಾಂ, ಅಂದರೆ ಎರಡು ಮೂರು ದೊಡ್ಡ ಚಮಚ ನೀರು. ಒಂದು ಸಿಲಿಂಡರ್ 30 ದಿನ ಬರುವ ಮನೆಯಲ್ಲಿ ಗ್ಯಾಸಿನಿಂದಲೇ ದಿನಕ್ಕೆ ಮುಕ್ಕಾಲು ಲೀಟರ್ ನೀರು ಹೊರಡುತ್ತದೆ. ಅನ್ನ, ಸಾರು, ಹಾಲು, ಕಡುಬಿನ ಪಾತ್ರೆಯಿಂದ ಇನ್ನೊಂದೂವರೆ ಲೀಟರ್ ಹಿಡಿಯಿರಿ. ಒಟ್ಟು ಎರಡೂಕಾಲು ಲೀಟರ್. ಬಿಸಿಲು ಕಾಣದ ವಾರದಲ್ಲಿ ಒಂದು ಬಕೆಟ್ ಒದ್ದೆ ಬಟ್ಟೆ ತಂದು ಒಲೆಯ ಮೇಲಿನ ಹಗ್ಗಕ್ಕೆ ಹರವಿದರೆ ಇನ್ನೂ ಎರಡು ಲೀಟರ್ ಕೂಡಿಸಬೇಕು. ಗಾಳಿ ಹಿಡಿಯಲಾರದ್ದು ಗೋಡೆಗೆ, ಡಬ್ಬದ ಮುಚ್ಚಳಕ್ಕೆ, ಕಪಾಟಿನ ಹಿಂಬದಿಗೆ ಕೂರುತ್ತದೆ. ಬೂಸ್ಟು ಹುಟ್ಟುವುದು ಅಲ್ಲಿಂದ.

ಪಾರಾಗುವ ದಾರಿಯೂ ಇದೇ ಲೆಕ್ಕದಲ್ಲಿದೆ. ಒಲೆ ಉರಿದು ಕೋಣೆ 26 ಡಿಗ್ರಿಗೆ ಏರಿದರೆ ಅದೇ ಘನಮೀಟರ್ ಗಾಳಿಗೆ 24.4 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ. ಹೊರಗಿನಿಂದ ಬರುವ ಗಾಳಿಯಲ್ಲಿರುವುದು 18.4 ಗ್ರಾಂ. ಬೆಚ್ಚಗಾಗಿ ಹೊರಗೆ ಹೋಗುವ ಒಂದೊಂದು ಘನಮೀಟರ್ ಗಾಳಿ 4 ಗ್ರಾಂ ಹೊತ್ತೊಯ್ದರೂ ಸಾಕು. ಗಂಟೆಗೆ 15 ಸಲ ಕೋಣೆಯ ಗಾಳಿ ಬದಲಾದರೆ 615 ಘನಮೀಟರ್ ಗಾಳಿ ಸುಮಾರು ಎರಡೂವರೆ ಲೀಟರ್ ನೀರನ್ನು ಹೊರಗೆ ಸಾಗಿಸುತ್ತದೆ. ದಿನಕ್ಕೆ ಮೂರು ಗಂಟೆ ಒಲೆ ಉರಿಯುವ ಮನೆಗೆ ಇದು ಧಾರಾಳ. ಆದ್ದರಿಂದ ಎಕ್ಸಾಸ್ಟ್ ಫ್ಯಾನ್ ಕೊಳ್ಳುವಾಗ ರೆಕ್ಕೆಯ ಅಗಲ ನೋಡುವುದಕ್ಕಿಂತ ಗಂಟೆಗೆ ಎಷ್ಟು ಘನಮೀಟರ್ ಎಂಬುದನ್ನು ಓದಿ. ಅದನ್ನು ಮಾಡಿನ ಎತ್ತರದ ಬದಿಗೆ ಕೂರಿಸಿ. ಗಾಳಿ ಒಳಬರುವ ದಾರಿ ಎದುರು ಗೋಡೆಯಲ್ಲಿ, ಕೆಳಗಿರಲಿ. ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಕಟ್ಟಿ ಸೌದೆ, ಮುರುಗಲು ಸಿಪ್ಪೆ, ಹಪ್ಪಳದ ಡಬ್ಬ ಇಡುತ್ತಿದ್ದುದು ಇದೇ ನಾಲ್ಕು ಡಿಗ್ರಿಯ ಬಲದಿಂದ. ಹೊಗೆ ಬೇಡ, ಸರಿ. ಹೊಗೆಯ ಜೊತೆಗೆ ಆ ಬಿಸಿಯ ಏರುದಾರಿಯನ್ನೂ ಮುಚ್ಚಿ 9 ಅಡಿಗೆ ಫಾಲ್ಸ್ ಸೀಲಿಂಗ್ ಹೊಡೆಸುವುದು ಮಲೆನಾಡಿಗೆ ಸಲ್ಲದ ಕೆಲಸ ಎಂದೇ ನನ್ನ ಅಭಿಪ್ರಾಯ.

ಕಿಟಕಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಳತೆ ಇದೆ: ಒಣ ಸೆಕೆಯ ಊರಿಗೆ ನೆಲದ ಹತ್ತನೇ ಒಂದು ಭಾಗ, ತೇವದ ಊರಿಗೆ ಆರನೇ ಒಂದು ಭಾಗ. ನಮ್ಮ 120 ಚದರಡಿಗೆ 20 ಚದರಡಿ ಕಿಟಕಿ ಬೇಕು. ನಾಲ್ಕಡಿ ಅಗಲ, ಎರಡೂವರೆ ಅಡಿ ಎತ್ತರದ ಎರಡು ಕಿಟಕಿ ಇಟ್ಟರೆ ಆಯಿತು. ಬೆಂಗಳೂರಿನ ಫ್ಲ್ಯಾಟಿನ ನಕ್ಷೆಯನ್ನು ಊರಿಗೆ ತಂದು ಕಟ್ಟಿಸಿದಾಗ ಮೊದಲು ಕಿರಿದಾಗುವುದು ಈ ಇಪ್ಪತ್ತು ಚದರಡಿಯೇ.

ಕಿಟಕಿ ದೊಡ್ಡದಾದರೆ ಇರಚಲು ಹೊಡೆಯುತ್ತದೆ ಎನ್ನುವವರಿಗೆ ಸೂರಿನ ಲೆಕ್ಕ ಕೊಡುತ್ತೇನೆ. ಪಡುವಣ ಗಾಳಿಗೆ ಮಳೆ 45 ಡಿಗ್ರಿ ವಾಲಿ ಬೀಳುತ್ತಿದೆ ಎನ್ನಿ. 9 ಅಡಿ ಎತ್ತರದಲ್ಲಿ ಮಟ್ಟಸವಾಗಿ ಒಂದೂವರೆ ಅಡಿ ಚಾಚಿದ ಕಾಂಕ್ರೀಟ್ ಸಜ್ಜಾ ಗೋಡೆಯ ಮೇಲಿನ ಒಂದೂವರೆ ಅಡಿಯನ್ನಷ್ಟೇ ಕಾಯುತ್ತದೆ; ಕೆಳಗಿನ ಏಳೂವರೆ ಅಡಿ ನೆನೆಯುತ್ತದೆ. ಅದೇ ಹೆಂಚಿನ ಮಾಡು ಇಳಿಜಾರಿನಲ್ಲೇ 4 ಅಡಿ ಮುಂದೆ ಬಂದರೆ ಅದರ ತುದಿ 6.7 ಅಡಿಗೆ ಇಳಿದಿರುತ್ತದೆ. ಅಲ್ಲಿಂದ ವಾಲಿದ ಮಳೆ ಗೋಡೆಗೆ ತಾಗುವುದು ನೆಲದಿಂದ 2.7 ಅಡಿಯಲ್ಲಿ, ಅಂದರೆ ಅಡುಗೆ ಕಟ್ಟೆಗಿಂತ ಕೆಳಗೆ. ಕಿಟಕಿ ತೆರೆದೇ ಇಡಬಹುದು. ಇಳಿಜಾರೂ ಚಾಚೂ ಸೇರಿ ಮಾಡುವ ಈ ಕೆಲಸವನ್ನು ಗೋಡೆಗೆ ಬಳಿಯುವ ಯಾವ ವಾಟರ್‌ಪ್ರೂಫ್ ಬಣ್ಣವೂ ಮಾಡಲಾರದು.

ಪಡುವಣಕ್ಕೆ 4 ಅಡಿ, ಹೊರಗಿನ ಒಂದು ಮಗ್ಗುಲಿಗೆ 3 ಅಡಿ ಸೂರು ಬಿಟ್ಟರೆ ಮಾಡಿನ ಕೆಳಗಿನ ವಿಸ್ತಾರ 210 ಚದರಡಿ, ಇಳಿಜಾರಿನ ಮೇಲೆ ಅಳೆದರೆ 242 ಚದರಡಿ. ಮಂಗಳೂರು ಹೆಂಚು ಚದರಮೀಟರಿಗೆ ಸುಮಾರು 15 ಹಿಡಿಯುತ್ತದೆ. 338 ಹೆಂಚು, ಒಡೆಯುವುದಕ್ಕೆ ಶೇ 5 ಸೇರಿಸಿ 355. ಒಂದಕ್ಕೆ ಎರಡೂವರೆ ಕಿಲೋ ಎಂದರೆ ಮಾಡಿನ ಮೇಲೆ 845 ಕಿಲೋ ಭಾರ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಘಟ್ಟದ ಮೇಲೂ ಕೆಳಗೂ ಮಳೆ ತಡೆದ ಸಾಮಾನು ಇದು. 5 ಇಂಚು ದಪ್ಪದ ತಾರಸಿಯಾದರೆ ಬರೀ 120 ಚದರಡಿಗೇ ಮೂರೂವರೆ ಟನ್.

ಇನ್ನು ದುಡ್ಡಿನ ಲೆಕ್ಕ. ದರ ಊರಿಂದೂರಿಗೆ ಬೇರೆ. ಹೋಲಿಕೆಗೆಂದು ನಾನು ಹಿಡಿದ ದರ ಹೇಳುತ್ತೇನೆ, ನಿಮ್ಮೂರಿನದನ್ನು ಹಾಕಿ ನೋಡಿ. ಹೆಂಚು ಒಂದಕ್ಕೆ 50 ರೂಪಾಯಿಯಂತೆ 17,750. ಪಕಾಸಿ, ರೀಪು, ಕೂಲಿ ಸೇರಿ ಚದರಡಿಗೆ 200ರಂತೆ 48,400. ಒಟ್ಟು 66,150 ರೂಪಾಯಿ. ತಾರಸಿಗೆ ಚದರಡಿಗೆ 250ರಂತೆ 30,000. ಮಲೆನಾಡಿನಲ್ಲಿ ತಾರಸಿ ಅಲ್ಲಿಗೇ ನಿಲ್ಲುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೋರಿಕೆಗೆ ಹೆದರಿ ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದೆಸುತ್ತಾರೆ. 240 ಚದರಡಿಗೆ 180ರಂತೆ ಮತ್ತೆ 43,200. ಒಟ್ಟು 73,200. ವ್ಯತ್ಯಾಸ ಏಳು ಸಾವಿರ ಮಾತ್ರ, ದೊಡ್ಡದಲ್ಲ. ಆದರೆ ಒಂದು ಮಾಡು ಮಾಡುವ ಕೆಲಸಕ್ಕೆ ಎರಡು ಮಾಡಿನ ದುಡ್ಡು ಕೊಟ್ಟಂತಾಯಿತು. ಹೆಂಚಿಗೂ ಕಷ್ಟವಿದೆ, ಮುಚ್ಚಿಡುವುದಿಲ್ಲ: ಮಂಗ ಹಾರಿದರೆ ಒಡೆಯುತ್ತದೆ, ಮಳೆಗಾಲಕ್ಕೆ ಮುಂಚೆ ಹತ್ತಿ ಸರಿಪಡಿಸುವ ಆಳು ಸಿಗುವುದಿಲ್ಲ. ವರ್ಷಕ್ಕೆ 15 ಹೆಂಚು ಹೋದರೆ 750 ರೂಪಾಯಿ. ಕೂಲಿ ಅದಕ್ಕಿಂತ ಹೆಚ್ಚಾಗುತ್ತದೆ.

ಕಪಾಟಿನ ಸರದಿ ಈಗ. ಶೇ 60 ತೇವಾಂಶದಲ್ಲಿ ಮರದೊಳಗಿನ ನೀರು ಅದರ ಒಣತೂಕದ ಶೇ 11ರಷ್ಟು. ಶೇ 90ಕ್ಕೆ ಏರಿದರೆ ಶೇ 20. ಈ ಒಂಬತ್ತರ ಅಂತರಕ್ಕೆ ಎರಡಡಿ ಅಗಲದ ತೇಗದ ಹಲಗೆಯೂ ಒಂದು ಸೆಂಟಿಮೀಟರ್ ವರೆಗೆ ಹಿಗ್ಗಬಲ್ಲದು. ಆಚಾರಿಗಳು ಬಾಗಿಲಿಗೆ ಚೌಕಟ್ಟು ಮಾಡಿ, ಹಲಗೆಯನ್ನು ಅದರಲ್ಲಿ ಕೊರೆದ ಗಾಡಿಯಲ್ಲಿ ಸಡಿಲವಾಗಿ ಕೂರಿಸುವುದು ಇದಕ್ಕಾಗಿ. ಪಾರ್ಟಿಕಲ್ ಬೋರ್ಡ್‌ಗೆ ಇನ್ನೊಂದು ತೊಂದರೆ: ಉಬ್ಬಿದ್ದು ಬೇಸಿಗೆಯಲ್ಲೂ ಮೊದಲಿನಂತಾಗುವುದಿಲ್ಲ. ಎಲ್ ಆಕಾರದ 16 ಅಡಿ ಕಟ್ಟೆಯ ಕೆಳಗೆ ಎರಡೂವರೆ ಅಡಿ ಎತ್ತರದ ಕಪಾಟು 40 ಚದರಡಿ, ಮೇಲೆ 20 ಚದರಡಿ. ಚದರಡಿಗೆ 1,500 ಹಿಡಿದರೆ 90,000 ರೂಪಾಯಿ, ಇಡೀ ಮಾಡಿಗಿಂತ ಹೆಚ್ಚು. ನಾನಾದರೆ ಹೊರಗೋಡೆಗೆ ತಾಗುವ ಮೇಲಿನ 20 ಚದರಡಿಯನ್ನು ಬಿಟ್ಟೇಬಿಡುತ್ತೇನೆ. ಅದರ ಹಿಂದೆ ಗಾಳಿಯಾಡುವುದಿಲ್ಲ, ಮೊದಲು ಬೂಸ್ಟು ಹಿಡಿಯುವ ಜಾಗ ಅದೇ. ಕೆಳಗೆ ಕಡಪ ಕಲ್ಲಿನ ಹಲಗೆ, ಮುಂದೆ ಸಂದುಬಿಟ್ಟ ಪಟ್ಟಿಗಳ ಬಾಗಿಲು. ಉಳಿದ 30,000ದಲ್ಲಿ ಫ್ಯಾನು, ಸೂರಿನ ದಂಬೆ ಎರಡೂ ಆಗುತ್ತವೆ.

ದಂಬೆ ಎಷ್ಟು ದೊಡ್ಡದಿರಬೇಕು? ಗಂಟೆಗೆ 100 ಮಿಲಿಮೀಟರ್ ಸುರಿಯುವ ಜಡಿಮಳೆಯಲ್ಲಿ 210 ಚದರಡಿ ಮಾಡಿನಿಂದ ನಿಮಿಷಕ್ಕೆ 32 ಲೀಟರ್ ಇಳಿಯುತ್ತದೆ. ನಾಲ್ಕಿಂಚಿನ ಒಂದು ಪಿವಿಸಿ ಪೈಪು ಅದನ್ನು ಸುಲಭವಾಗಿ ಒಯ್ಯುತ್ತದೆ. 3,000 ಮಿಲಿಮೀಟರ್ ಮಳೆಯ ಊರಿನಲ್ಲಿ ವರ್ಷಕ್ಕೆ 58,500 ಲೀಟರ್, 7,000ದ ಊರಿನಲ್ಲಿ 1,36,500 ಲೀಟರ್. ಅಷ್ಟು ನೀರು ಅಡುಗೆಮನೆಯ ಪಾಯದ ಬುಡದಲ್ಲೇ ಬಿದ್ದರೆ ಜಂಬಿಟ್ಟಿಗೆ ಅದನ್ನು ಹೀರಿ ಗೋಡೆಗೆ ಏರಿಸುತ್ತದೆ.

ಅಡುಗೆಮನೆಗೂ ಬಚ್ಚಲಿಗೂ ಒಂದೇ ಗೋಡೆ ಇದ್ದರೆ ಇನ್ನೊಂದು ಅನುಕೂಲ. ನೂರು ಲೀಟರ್ ನೀರನ್ನು 22ರಿಂದ 42 ಡಿಗ್ರಿಗೆ ಕಾಯಿಸಲು ಬೇಕಾದ ಶಾಖ 8.4 ಮೆಗಾಜೂಲ್. ನೂರರಲ್ಲಿ ಹತ್ತು ಪಾಲು ಶಾಖವನ್ನಷ್ಟೇ ಹಂಡೆಗೆ ಮುಟ್ಟಿಸುವ ಹಳೆಯ ಒಲೆಗೆ ಇದಕ್ಕೆ ಐದೂವರೆ ಕಿಲೋ ಒಣ ಸೌದೆ ಬೇಕು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಅಸ್ತ್ರ’ ತಂಡ ರೂಪಿಸಿದ, ಹೊಗೆಕೊಳವೆಯ ಒಲೆಯ ಬಗೆಯಲ್ಲಿ ಮೂವತ್ತು ಪಾಲು ಮುಟ್ಟಿದರೆ ಎರಡು ಕಿಲೋಗಿಂತ ಕಡಿಮೆ ಸಾಕು. ವರ್ಷಕ್ಕೆ 1,300 ಕಿಲೋ ಸೌದೆ ಉಳಿಯುತ್ತದೆ. ಆ ಒಲೆಯ ಕೊಳವೆ ಅಡುಗೆಮನೆಯ ಗೋಡೆಯ ಒಳಮೈಗೆ ಒರಗಿ ಮೇಲೇರಿದರೆ, ಬೆಳಗಿನ ಸ್ನಾನ ಮುಗಿಯುವ ಹೊತ್ತಿಗೆ ಉಪ್ಪಿನ ಭರಣಿ ಇಡುವ ಮೂಲೆ ಬೆಚ್ಚಗಾಗಿರುತ್ತದೆ.